ಇಪ್ಪತ್ತೈದು ಪಿನ್ನಿನ ಬೀಗ

2016ರ ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಕರೆಂಟು ಹೋಯಿತು, ಬಂತು, ಮತ್ತೆ ಹೋಗಿ ಮತ್ತೆ ಬಂತು. ಎರಡನೇ ಸಲ ಬಂದಾಗ ನಮ್ಮ ಪ್ರೆಸ್ಸಿನ ಮೂಲೆಯ ಹಳೇ ಕಂಪ್ಯೂಟರಿನಿಂದ ಸುಟ್ಟ ವಾಸನೆ. ರಿಪೇರಿ ಹುಡುಗ ಬಿಚ್ಚಿ ನೋಡಿ, ‘ಮದರ್‌ಬೋರ್ಡ್ ಹೋಗೈತ್ರೀ ಸರ, ಹಾರ್ಡ್ ಡಿಸ್ಕ್ ಚಲೋ ಐತಿ’ ಅಂದ. ನನಗೆ ಅಂಥ ಗಾಬರಿಯೇನೂ ಆಗಲಿಲ್ಲ. ಹೊಸ ಕಂಪ್ಯೂಟರ್ ತಂದರಾಯಿತು, ಮುಗಿಯಿತು.

ಹೊಸದು ಬಂತು. ಹಿಂಬದಿ ತಿರುಗಿಸಿ ನೋಡಿದರೆ ಲಾಕ್ ಹಾಕುವ ಜಾಗವೇ ಇಲ್ಲ.

ಲಾಕ್ ಅಂದರೆ ಏನೆಂದು ಈಗಿನ ಹುಡುಗರಿಗೆ ಹೇಳಬೇಕಾಗುತ್ತದೆ. 1998ರಲ್ಲಿ ನಾವು ಅಚ್ಚುಮೊಳೆ ಬಿಟ್ಟು ಡಿಟಿಪಿಗೆ, ಅಂದರೆ ಕಂಪ್ಯೂಟರಿನಲ್ಲೇ ಪುಟ ಕಟ್ಟುವುದಕ್ಕೆ ಬಂದಾಗ, ಅದಕ್ಕೆ ಬೇಕಾದ ಪೇಜ್‌ಮೇಕರ್ ಜೊತೆಗೆ ಕನ್ನಡ ಫಾಂಟುಗಳ ಒಂದು ತಂತ್ರಾಂಶ ಕೊಂಡೆವು. ಅದರ ಜೊತೆ ಬೆಂಕಿಪೊಟ್ಟಣದಷ್ಟು ದಪ್ಪದ ಒಂದು ಪ್ಲಾಸ್ಟಿಕ್ ತುಂಡು ಬಂದಿತ್ತು. ಪ್ರಿಂಟರಿನ ಕೇಬಲ್ ಚುಚ್ಚುವ ಇಪ್ಪತ್ತೈದು ಪಿನ್ನಿನ ಪೋರ್ಟಿಗೆ ಅದನ್ನು ಸಿಕ್ಕಿಸಿದ್ದರೆ ಮಾತ್ರ ಕೀಲಿಮಣೆ ಕನ್ನಡ ಮಾತಾಡುತ್ತಿತ್ತು. ತೆಗೆದರೆ ‘ಕ’ ಒತ್ತಿದ ಕಡೆ ಇಂಗ್ಲಿಷ್ ಅಕ್ಷರ. ಹದಿನೆಂಟು ವರ್ಷ ಆ ತುಂಡು ಕಂಪ್ಯೂಟರಿನ ಬೆನ್ನಿಗೆ ಅಂಟಿಕೊಂಡೇ ಇತ್ತು. ಅದೊಂದು ಇದೆ ಅನ್ನುವುದೇ ನಮಗೆ ಮರೆತುಹೋಗಿತ್ತು.

ಮುದ್ರಣ ಕಾಶಿ ಅಂತ ಹೆಸರಾದ ಗದುಗಿನಲ್ಲಿ ಪ್ರೆಸ್ಸಿಗೆ ಬರವಿಲ್ಲ, ಪ್ರೆಸ್ಸಿನವರ ಸಲಹೆಗೂ ಬರವಿಲ್ಲ. ಒಬ್ಬರು ಯುಎಸ್‌ಬಿಯಿಂದ ಪ್ರಿಂಟರ್ ಪೋರ್ಟಿಗೆ ಬದಲಿಸುವ ಕೇಬಲ್ ತಾ ಅಂದರು, ತಂದೆ. ಪ್ರಿಂಟರ್ ನಡೆಯಿತು, ಲಾಕ್ ನಡೆಯಲಿಲ್ಲ. ಇನ್ನೊಬ್ಬರು ಒಳಗೆ ಕಾರ್ಡ್ ಕೂಡಿಸು ಅಂದರು, ಕೂಡಿಸಿದೆ. ಪೋರ್ಟ್ ಬಂತು, ಆದರೆ 64 ಬಿಟ್‌ನ ವಿಂಡೋಸಿಗೆ ಆ ಲಾಕನ್ನು ಗುರುತಿಸುವ ಡ್ರೈವರ್ ತಂತ್ರಾಂಶವನ್ನೇ ಯಾರೂ ಬರೆದಿರಲಿಲ್ಲ. ನಮ್ಮ ಹಳೇ ಯಂತ್ರ ವಿಂಡೋಸಿನ ಹಳೇ ಆವೃತ್ತಿ ಎಕ್ಸ್‌ಪಿಯಲ್ಲಿ ನಡೆಯುತ್ತಿತ್ತು. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ 2014ರ ಏಪ್ರಿಲಿನಲ್ಲೇ ನಿಂತಿತ್ತು. ಪೇಜ್‌ಮೇಕರಿನ ಕಡೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಇನ್ನು ಮುಂದೆ ಬೆಳೆಸುವುದಿಲ್ಲ ಎಂದು ಅದರ ಕಂಪನಿ ಅಡೋಬಿ ಹೇಳಿದ್ದು 2004ರಲ್ಲಿ. ಅಂದರೆ ನನಗೆ ಎಚ್ಚರಿಕೆ ಕೊಟ್ಟು ಹನ್ನೆರಡು ವರ್ಷವಾಗಿತ್ತು. ‘ನಡೀತೈತಲ್ಲ’ ಅನ್ನುತ್ತಾ ಕೂತವನು ನಾನೇ.

ಫಾಂಟಿನ ಕಂಪನಿಗೆ ಫೋನ್ ಹಚ್ಚಿದೆ. ಹೆಸರು ಬೇಡ; ಅವರೇನೂ ನನ್ನ ಮೇಲೆ ಹಗೆ ಸಾಧಿಸಲಿಲ್ಲ, ತಮ್ಮ ವ್ಯಾಪಾರ ಮಾಡಿದರು ಅಷ್ಟೆ. ಹಳೇ ಲಾಕಿಗೆ ಬದಲಿ ಲಾಕ್ ಕೊಡುವುದಿಲ್ಲ, ಹೊಸ ಆವೃತ್ತಿ ಪೂರ್ತಿ ಕೊಳ್ಳಬೇಕು ಅಂದರು. ನಮಗೆ ಮಾರಿದ ಡೀಲರ್ ಅಂಗಡಿ ಮುಚ್ಚಿ ಹತ್ತು ವರ್ಷವಾಗಿತ್ತು, ಬಿಲ್ಲು ನನ್ನ ಹತ್ತಿರ ಇರಲಿಲ್ಲ. ಕೊಳ್ಳೋಣ ಅಂದುಕೊಂಡೇ ಒಂದು ಪ್ರಶ್ನೆ ಕೇಳಿದೆ: ನಮ್ಮ ಹಳೇ ಪುಸ್ತಕಗಳ ಮಾತು ಏನು? ಹೊಸ ಆವೃತ್ತಿಯ ಅಕ್ಷರ ಸಂಕೇತ ಬೇರೆ, ಹಳೆಯದನ್ನು ಹೊಸದಕ್ಕೆ ಬದಲಿಸಿಕೊಡುವ ಪರಿವರ್ತಕ ಅದರಲ್ಲೇ ಇದೆ ಅಂದರು. ಬದಲಿಸಿದ್ದು ಬೇರೆ ತಂತ್ರಾಂಶದಲ್ಲಿ ತೆರೆಯುತ್ತದೆಯೇ ಅಂದೆ. ಅದು ತೆರೆಯಲ್ಲ ಸಾರ್ ಅಂದರು. ಒಂದು ಬೀಗ ಬಿಚ್ಚಿಸಿಕೊಳ್ಳಲು ಇನ್ನೊಂದು ಬೀಗಕ್ಕೆ ದುಡ್ಡು.

ಅಪ್ಪನ ಕಾಲ ನೆನಪಾಯಿತು. ಅವರು ಮೊಳೆ ತರಿಸುತ್ತಿದ್ದ ಫೌಂಡ್ರಿ ಒಂದು ಮುಚ್ಚಿದಾಗ ಇನ್ನೊಂದರಿಂದ ತರಿಸಿದರು. ಮೊಳೆಯ ಎತ್ತರ ಯಾವ ಫೌಂಡ್ರಿಯದ್ದಾದರೂ 0.918 ಇಂಚು. ಹಾಗಾಗಿ ಇಬ್ಬರ ಮೊಳೆಯನ್ನೂ ಒಂದೇ ಗ್ಯಾಲಿ ತಟ್ಟೆಯಲ್ಲಿ ಜೋಡಿಸಿ ಟ್ರೆಡಲ್ ಅಚ್ಚುಯಂತ್ರಕ್ಕೆ ಏರಿಸಬಹುದಿತ್ತು. ಅಕ್ಷರದ ಚಂದ ಹೆಚ್ಚುಕಡಿಮೆಯಾಗುತ್ತಿತ್ತು, ಅಚ್ಚು ನಿಲ್ಲುತ್ತಿರಲಿಲ್ಲ. ಸವೆದರೆ ಸೀಸ ಕರಗಿಸಿ ಮಾರಬಹುದಿತ್ತು. ನಾವು ಡಿಟಿಪಿಗೆ ಬಂದಾಗ ಆ 0.918 ಇಂಚಿನಂಥ ಮಾತನ್ನು ಕೇಳಬೇಕು ಅನ್ನುವುದು ನಮಗೆ ಹೊಳೆಯಲೇ ಇಲ್ಲ.

ಈ ನಡುವೆ ಕೆಲಸ ಕಾಯುತ್ತಿರಲಿಲ್ಲ. ಒಂದು ಮಠದ ಜಾತ್ರೆಗೆ ಅವರ ಹಳೇ ಪುಸ್ತಕ ಮರುಮುದ್ರಣ, ಆರುನೂರು ಪುಟ. ‘ಫೈಲ್ ನಿಮ್ಮಂತ್ಯಾಕ ಐತಲ್ಲ, ಹೊಡದು ಕೊಡ್ರಿ’ ಎಂದು ಅಜ್ಜಾರು ಹೇಳಿ ಕಳಿಸಿದ್ದರು. ಬರೇ ಹೊಡೆಯುವುದಾಗಿದ್ದರೆ ಪುಟಗಳ ಅಚ್ಚಿರುವ ಹಳೇ ಟ್ರೇಸಿಂಗ್ ಹಾಳೆ ಸಾಕಿತ್ತು. ಆದರೆ ಸಂಪಾದಕರು ಪುಟಪುಟಕ್ಕೂ ಕೆಂಪು ಶಾಯಿಯಲ್ಲಿ ತಿದ್ದಿದ್ದರು. ಪೇಜ್‌ಮೇಕರ್ ಹೊಸ ಯಂತ್ರದಲ್ಲಿ ಹೇಗೋ ತೆರೆಯಿತು, ಪುಟ ಕಾಣಿಸಿತು, ಫಾಂಟೂ ಸರಿಯಾಗೇ ಕಾಣುತ್ತಿತ್ತು. ಟೈಪ್ ಮಾತ್ರ ಆಗುತ್ತಿರಲಿಲ್ಲ.

ನಮ್ಮ ಆಪರೇಟರ್ ಅಕ್ಕ ಒಂದು ಉಪಾಯ ತೆಗೆದರು. ಆಲ್ಟ್ ಕೀಲಿ ಒತ್ತಿ ಹಿಡಿದು ಸೊನ್ನೆ, ಆಮೇಲೆ ಮೂರು ಅಂಕಿ ಹೊಡೆದರೆ ಆ ಸಂಖ್ಯೆಯ ಅಕ್ಷರ ಬೀಳುತ್ತದೆ. ಮೊದಲ ದಿನ ಇಬ್ಬರೂ ಕೂತು ಮೂರು ಪುಟ ತಿದ್ದಿದೆವು. ಆರುನೂರರಲ್ಲಿ ಮೂರು. ಆ ವೇಗದಲ್ಲಿ ಜಾತ್ರೆಯೊಳಗೆ ಮುಗಿಯುತ್ತಿರಲಿಲ್ಲ. ಕಡೆಗೆ ಬೆಟಗೇರಿಯ ಗೆಳೆಯರೊಬ್ಬರ ಪ್ರೆಸ್ಸಿನಲ್ಲಿ ಅದೇ ತಂತ್ರಾಂಶ ಇನ್ನೂ ಉಸಿರಾಡುತ್ತಿತ್ತು. ಅವರು ಬಾಗಿಲು ಹಾಕಿದ ಮೇಲೆ ರಾತ್ರಿ ಒಂಬತ್ತರಿಂದ ಎರಡರವರೆಗೆ ಕೂತು ಹದಿಮೂರು ರಾತ್ರಿಗಳಲ್ಲಿ ಮುಗಿಸಿದೆವು. ಜಾತ್ರೆಗೆ ಪುಸ್ತಕ ಹೋಯಿತು.

ಆ ಮೂರು ಪುಟಗಳು ಮಾತ್ರ ನನ್ನ ತಲೆಯಲ್ಲಿ ಉಳಿದವು. ಪ್ರತಿ ಅಕ್ಷರವೂ ಒಂದು ಸಂಖ್ಯೆ, ಫಾಂಟ್ ಆ ಸಂಖ್ಯೆಯ ಮುಖವಾಡ. ಲಾಕ್ ಇದ್ದದ್ದು ಟೈಪ್ ಮಾಡುವ ಕೈಗೆ. ಮುಖವಾಡಗಳೆಲ್ಲ ನನ್ನ ಹಾರ್ಡ್ ಡಿಸ್ಕಿನಲ್ಲೇ ಇದ್ದವು. ಯಾವ ಸಂಖ್ಯೆಗೆ ಯಾವ ಮುಖ ಎಂದು ಪಟ್ಟಿ ಮಾಡಿದರೆ ನಮ್ಮ ಪುಸ್ತಕಗಳನ್ನು ಎಲ್ಲ ತಂತ್ರಾಂಶಗಳೂ ಒಪ್ಪುವ ಯೂನಿಕೋಡ್ ಸಂಕೇತಕ್ಕೆ ತರಬಹುದಲ್ಲ?

ಹಳೇ ಫಾಂಟುಗಳ ಒಳಗುಟ್ಟು ತಿಳಿಯಲು ‘ನುಡಿ’ ಎಂಬ ಕನ್ನಡ ತಂತ್ರಾಂಶವನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ, ಅದರ ಸಂಕೇತ ಎಲ್ಲರಿಗೂ ಗೊತ್ತಿರುವುದರಿಂದ. ನುಡಿಯಲ್ಲಿ ‘ಕ’ ಅಂದರೆ ಎರಡು ತುಂಡು: ಇಂಗ್ಲಿಷಿನ ದೊಡ್ಡ ಪಿ ಅಕ್ಷರದ ಜಾಗದಲ್ಲಿ ಕ-ದ ಮೈ, ತಲೆ ಮೇಲೆ ಗೀರಿರುವ ಎ ಜಾಗದಲ್ಲಿ ತಲೆಕಟ್ಟು. ‘ನ’ಕಾರದ ಮೈ ಕೂತಿರುವುದು ಬ್ರಿಟಿಷರ ಪೌಂಡ್ ಚಿಹ್ನೆಯ ಜಾಗದಲ್ಲಿ, ‘ಪ’ ಜಪಾನಿನ ಯೆನ್ ಚಿಹ್ನೆಯ ಜಾಗದಲ್ಲಿ. ಫಾಂಟ್ ಕಳಚಿದರೆ ನಮ್ಮ ವಚನಗಳೆಲ್ಲ ವಿದೇಶಿ ವಿನಿಮಯದ ಲೆಕ್ಕದ ಹಾಗೆ ಕಾಣುತ್ತವೆ. ‘ಕನ್ನಡ’ ಎಂಬ ಪದಕ್ಕೆ ಅಲ್ಲಿ ಏಳು ಸಂಕೇತ ಬೇಕು, ಯೂನಿಕೋಡಿನಲ್ಲಿ ಐದು. ನುಡಿಯಿಂದ, ಅದರಂಥದೇ ‘ಬರಹ’ ತಂತ್ರಾಂಶದಿಂದ ಯೂನಿಕೋಡಿಗೆ ತರಲು ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ನಮ್ಮ ಕಂಪನಿಯದ್ದು ತನ್ನದೇ ಬೇರೆ ಜೋಡಣೆ. ನಾನು ಹುಡುಕಿದ ಕಡೆ ಎಲ್ಲೂ ಅದರ ಪಟ್ಟಿ ಇರಲಿಲ್ಲ.

ಸರಿ, ನಾವೇ ಮಾಡಿದೆವು. ವಿಂಡೋಸಿನ ಕ್ಯಾರೆಕ್ಟರ್ ಮ್ಯಾಪ್ ತೆರೆದು ಆ ಫಾಂಟಿನ ಒಂದೊಂದು ಮನೆಯನ್ನೂ ನೋಡಿ ಎಕ್ಸೆಲ್ಲಿನಲ್ಲಿ ಬರೆದೆವು. ಒಟ್ಟು 256 ಮನೆ, ಮೊದಲ 32 ಕೆಲಸಕ್ಕೆ ಬಾರದವು, ಉಳಿದವುಗಳಲ್ಲೂ ಕೆಲವು ಖಾಲಿ. ಮೂರು ದಿನದ ಕೆಲಸ. ಇನ್ನೇನು, ಹುಡುಕಿ ಬದಲಿಸಿದರಾಯಿತು ಅಂದುಕೊಂಡು ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಮಗಳಿಗೆ ತೋರಿಸಿದೆ.

‘ಪಪ್ಪಾ, ಇದು ಬರೇ ಫೈಂಡ್ ಅಂಡ್ ರಿಪ್ಲೇಸ್ ಅಲ್ಲ. ಇಲ್ಲಿ ಮ ಅನ್ನೂದ ಇಲ್ಲಲ್ಲ?’ ಅಂದಳು.

ನಿಜ. ಮನೆ ಉಳಿಸಲು ಆ ಕಾಲದವರು ‘ಮ’ವನ್ನು ‘ವ’ದ ಮೈಗೆ ಪಕ್ಕದಲ್ಲಿ ಒಂದು ಕೊಂಬು ಅಂಟಿಸಿ ಮಾಡಿದ್ದರು. ‘ಯ’ದಲ್ಲಿ ಇನ್ನೂ ಹೆಚ್ಚು ತುಂಡು. ‘ಫ’ ಅಂದರೆ ‘ಪ’ದ ಕೆಳಗೆ ಒಂದು ಸೀಳು. ಚಿಕ್ಕ ತುಂಡನ್ನು ಮೊದಲು ಬದಲಿಸಿದರೆ ‘ಮ’ ಇದ್ದದ್ದು ‘ವ’ ಮತ್ತು ಅನಾಥ ಕೊಂಬಾಗುತ್ತದೆ. ಉದ್ದದ ಸರಣಿಗಳನ್ನು ಮೊದಲು ಹಿಡಿದು, ಆಮೇಲೆ ಚಿಕ್ಕವಕ್ಕೆ ಇಳಿಯಬೇಕು. ಅವಳು ಪೈಥಾನಿನಲ್ಲಿ ಬರೆದದ್ದು ಎಪ್ಪತ್ತು ಸಾಲು ಇರಬೇಕು, ಒಂದೇ ರಾತ್ರಿಯಲ್ಲಿ. ಅದನ್ನು ಸರಿಮಾಡಲು ಹಿಡಿದದ್ದು ಎಂಟು ತಿಂಗಳು.

ಅರ್ಕಾವೊತ್ತು ನಮ್ಮನ್ನು ಹೆಚ್ಚು ಕಾಡಿತು. ಕಾಗದದ ಮೇಲೆ ಅದು ಅಕ್ಷರದ ನಂತರ ಬರುತ್ತದೆ, ಹಳೇ ಫಾಂಟೂ ಹಾಗೇ ನಂತರ ಇಡುತ್ತದೆ. ಯೂನಿಕೋಡ್ ಉಚ್ಚಾರವನ್ನು ಅನುಸರಿಸುವುದರಿಂದ ‘ರ್’ ಮೊದಲು ಬರಬೇಕು. ‘ಕರ್ನಾಟಕ’ದಲ್ಲಿ ಒಂದು ಹೆಜ್ಜೆ ಹಿಂದೆ ತಳ್ಳಿದರೆ ಸಾಕು. ‘ಅರ್ಘ್ಯ’ ಬಂದರೆ ಒತ್ತಕ್ಷರವನ್ನೂ ದಾಟಿ ಹಿಂದೆ ಹೋಗಬೇಕು. ಅದನ್ನು ಸರಿಮಾಡಿದ ಮೇಲೆ ‘ರ‍್ಯಾಂಕ್’ ಪದಗಳೆಲ್ಲ ‘ರ್ಯಾಂಕ್’ ಆಗಿ ಕೂತವು. ನಡುವೆ ಕಣ್ಣಿಗೆ ಕಾಣದ ಜೋಡಕವೊಂದನ್ನು ಇಟ್ಟು ಅವನ್ನು ಉಳಿಸಿಕೊಂಡೆವು.

ಇನ್ನೊಂದು ಪೆಟ್ಟು ತಿಂದದ್ದು ಇಂಗ್ಲಿಷಿನಿಂದ. ಪೇಜ್‌ಮೇಕರಿನಿಂದ ಬರೀ ಪಠ್ಯ ಹೊರತೆಗೆದರೆ ಯಾವ ಭಾಗ ಯಾವ ಫಾಂಟಿನಲ್ಲಿತ್ತು ಎನ್ನುವ ಗುರುತು ಅಳಿಸಿಹೋಗುತ್ತದೆ. ಹಾಗಾಗಿ ಅಡಿಟಿಪ್ಪಣಿಯಲ್ಲಿದ್ದ ಇಂಗ್ಲಿಷ್ ಹೆಸರುಗಳೂ ಪಟ್ಟಿಗೆ ಸಿಕ್ಕಿ ಕನ್ನಡದ ಚೂರುಗಳಾದವು. ಹಳಗನ್ನಡದ ಱ, ೞ ಅಕ್ಷರಗಳಿಗೆ ಕಂಪನಿಯವರು ಬೇರೆಯದೇ ಫಾಂಟ್ ಕೊಟ್ಟಿದ್ದರು. ಸಂಖ್ಯೆ ಅದೇ, ಮುಖ ಬೇರೆ. ಆಮೇಲೆ ಆರ್‌ಟಿಎಫ್ ಎಂಬ, ಫಾಂಟಿನ ಹೆಸರನ್ನೂ ಉಳಿಸುವ ಕಡತವಾಗಿ ತೆಗೆದು, ಆ ಹೆಸರು ನೋಡಿ ಆ ತುಂಡನ್ನಷ್ಟೇ ಬದಲಿಸುವಂತೆ ಮಗಳು ತಿದ್ದಿದಳು. ಪೇಜ್‌ಮೇಕರ್ ತೆರೆಯಲು ಒಪ್ಪದ ಕೆಲವು ಕಡತಗಳನ್ನು ಲಿಬ್ರೆ ಆಫೀಸಿನ ಡ್ರಾ ತೆರೆಯಿತು. ಪುಟವಿನ್ಯಾಸ ಚದುರಿಹೋಗುತ್ತದೆ, ಆದರೆ ನಮಗೆ ಬೇಕಿದ್ದದ್ದು ಮಾತು.

ಪ್ರೂಫ್ ನೋಡಿದವರು ನಿವೃತ್ತ ಸಾಲಿ ಮಾಸ್ತರರೊಬ್ಬರು. ಕಂಪ್ಯೂಟರ್ ಮಾಡಿದ ತಪ್ಪು ಮನುಷ್ಯರ ತಪ್ಪಿನ ಹಾಗಲ್ಲ ಎಂದು ಮೊದಲು ಗುರುತಿಸಿದವರೂ ಅವರೇ. ‘ಒಂದ ತಪ್ಪ ಸಿಕ್ಕರ ಅಂಥಾವು ನೂರು ಇರ್ತಾವು, ನಾ ಬರಕೊಂಡು ಹೋಕ್ಕೀನಿ, ನೀವು ಬುಡಕ್ಕ ಕೈ ಹಾಕ್ರಿ’ ಅಂದರು. ಅವರ ಪಟ್ಟಿ ನೋಡಿ ನಾವು ಪಠ್ಯ ತಿದ್ದಲಿಲ್ಲ, ಪ್ರೋಗ್ರಾಮ್ ತಿದ್ದಿ ಮತ್ತೆ ಮೊದಲಿನಿಂದ ಓಡಿಸಿದೆವು. ಹದಿನೆಂಟು ವರ್ಷದ ಕೆಲಸ 340 ಸಿಡಿಗಳಲ್ಲಿತ್ತು. ಅವುಗಳಲ್ಲಿ 61 ಓದಲೇ ಬರಲಿಲ್ಲ, ಬೂಷ್ಟು ಹಿಡಿದಿದ್ದವು. ಅದಕ್ಕೆ ಯಾವ ಕಂಪನಿಯನ್ನೂ ದೂರುವಂತಿಲ್ಲ.

ಕಳೆದುಕೊಂಡದ್ದೂ ಇದೆ. ಹಳೇ ಫಾಂಟುಗಳ ದುಂಡಗಿನ ಚಂದ ಆಗ ಪುಕ್ಕಟೆ ಸಿಗುತ್ತಿದ್ದ ಯೂನಿಕೋಡ್ ಫಾಂಟುಗಳಲ್ಲಿ ಇರಲಿಲ್ಲ. ಮೊದಲ ಪುಸ್ತಕ ನೋಡಿ ಒಬ್ಬ ಲೇಖಕರು, ‘ಅಕ್ಷರ ಯಾಕೋ ಬೋಳಬೋಳ ಕಾಣತಾವಲ್ರೀ’ ಅಂದರು. ಈಗ ನೋಟೊ ಸೆರಿಫ್, ಟೀರೊ ಕನ್ನಡದಂಥವು ಬಂದು ಆ ಮಾತು ಕೇಳುವುದು ಕಡಿಮೆಯಾಗಿದೆ. ಗಳಿಸಿದ್ದರಲ್ಲಿ ದೊಡ್ಡದು ನಾನು ಎಣಿಸಿಯೇ ಇರದದ್ದು: ವಾಟ್ಸಾಪಿನಲ್ಲಿ ಬರುವ ಲೇಖನಗಳನ್ನು ಮೊದಲು ಅಕ್ಕ ಕೂತು ಪೂರ್ತಿ ಮತ್ತೆ ಟೈಪ್ ಮಾಡುತ್ತಿದ್ದರು. ಅವು ಯೂನಿಕೋಡಿನಲ್ಲೇ ಬರುವುದರಿಂದ ಈಗ ಅದು ತಪ್ಪಿತು.

ಪುಟ ಕಟ್ಟಲು ಈಗ ತಿಂಗಳ ಬಾಡಿಗೆಯ ತಂತ್ರಾಂಶ ಇಟ್ಟಿದ್ದೇನೆ. ಇದನ್ನು ಕೇಳಿ ನಗುವವರಿದ್ದಾರೆ. ಒಂದು ಕಂಪನಿಯ ಕೈಯಿಂದ ಬಿಡಿಸಿಕೊಂಡು ಇನ್ನೊಂದರ ಕೈಗೆ ಬಿದ್ದೆಯಲ್ಲ ಎಂದು. 2025ರ ಜುಲೈನಲ್ಲಿ ಯುರೋಪಿನ ನಿರ್ಬಂಧದ ಕಾರಣಕ್ಕೆ ನಯಾರಾ ಎನರ್ಜಿಗೆ ಮೈಕ್ರೋಸಾಫ್ಟ್ ಸೇವೆ ನಿಲ್ಲಿಸಿ, ಅಷ್ಟು ದೊಡ್ಡ ತೈಲ ಕಂಪನಿ ದೆಹಲಿ ಹೈಕೋರ್ಟಿಗೆ ಹೋಗಬೇಕಾಗಿ ಬಂದ ಸುದ್ದಿ ಓದಿದಾಗ ನನಗೂ ಎದೆ ಝಲ್ ಎಂದಿತು. ಸೇವೆ ಕೆಲವೇ ದಿನಗಳಲ್ಲಿ ಮರಳಿತು. ಆದರೆ ಜಾತ್ರೆಗೆ ಪುಸ್ತಕ ಕೊಡಬೇಕಾದವನಿಗೆ ಕೆಲವು ದಿನ ಅಂದರೆ ಕಡಿಮೆಯೇ? ನನ್ನ ಲೆಕ್ಕ ಇಷ್ಟು: ಕತ್ತರಿ ಬಾಡಿಗೆಯದಾದರೆ ಚಿಂತೆಯಿಲ್ಲ, ಬಟ್ಟೆ ನನ್ನ ಪೆಟ್ಟಿಗೆಯಲ್ಲಿರಬೇಕು. ಪ್ರತಿ ಪುಸ್ತಕ ಮುಗಿದ ದಿನ ತಿದ್ದಿದ ಪೂರ್ತಿ ಪಠ್ಯವನ್ನು ಬರೀ ಯೂನಿಕೋಡ್ ಕಡತವಾಗಿ, ಪುಟಗಳನ್ನು ಪಿಡಿಎಫ್ ಆಗಿ ಎರಡು ಡಿಸ್ಕಿಗೆ ಹಾಕಿಸುತ್ತೇನೆ. ಅದಾಗದೆ ಬಿಲ್ಲು ಬರೆಯುವುದಿಲ್ಲ. ವರ್ಷಕ್ಕೊಮ್ಮೆ ಖಂಡೇನವಮಿಗೆ ಯಂತ್ರಗಳನ್ನು ತೊಳೆದ ಮೇಲೆ, ಬಾಡಿಗೆ ತಂತ್ರಾಂಶವೇ ಇಲ್ಲದ ಕಂಪ್ಯೂಟರಿನಲ್ಲಿ ಹಳೇ ಪುಸ್ತಕವೊಂದನ್ನು ತೆರೆದು ಪುಕ್ಕಟೆ ಸಿಗುವ ಸ್ಕ್ರೈಬಸ್‌ನಲ್ಲಿ ಎಂಟು ಪುಟ ಕಟ್ಟಿ ನೋಡುತ್ತೇವೆ. ಕಳೆದ ವರ್ಷ ಎರಡು ತಾಸು ಹಿಡಿಯಿತು, ಮೊದಲ ವರ್ಷ ಇಡೀ ದಿನ ಹೋಗಿತ್ತು.

ಲಗ್ನಪತ್ರಿಕೆಯ ವಿಷಯದಲ್ಲಿ ಮಾತ್ರ ಇನ್ನೂ ಸೋತಿದ್ದೇನೆ. ಬಳ್ಳಿ ಸುತ್ತಿದ, ತಲೆಕಟ್ಟು ತಿರುಚಿದ ಆ ಅಲಂಕಾರದ ಅಕ್ಷರಗಳು ಹಳೇ ಸಂಕೇತದಲ್ಲಿ ಮಾತ್ರ ಇವೆ, ಬೀಗರು ಅದನ್ನೇ ಕೇಳುತ್ತಾರೆ. ಅದಕ್ಕೆಂದೇ ಬೆಟಗೇರಿಯ ಗೆಳೆಯರು ಪ್ರೆಸ್ಸು ಮುಚ್ಚುವಾಗ ಅವರ ಎಕ್ಸ್‌ಪಿ ಯಂತ್ರವನ್ನು ಲಾಕ್ ಸಮೇತ ಕೊಂಡುಕೊಂಡೆ. ಇಂಟರ್ನೆಟ್ ಇಲ್ಲದೆ ಮೂಲೆಯಲ್ಲಿ ಕೂತಿದೆ, ಲಗ್ನದ ಸೀಜನ್ನಿನಲ್ಲಿ ದುಡಿಯುತ್ತದೆ.

ಆ ಅಕ್ಷರಪಟ್ಟಿಯನ್ನು ಕೇಳಿದ ಪ್ರೆಸ್ಸಿನವರಿಗೆಲ್ಲ ಕೊಟ್ಟಿದ್ದೇನೆ. ಅದರಲ್ಲಿ ಒಂದು ಮನೆಯ ಮುಂದೆ ಮಾತ್ರ ಇನ್ನೂ ಪ್ರಶ್ನಾರ್ಥಕ ಚಿಹ್ನೆ ಇದೆ. ಫಾಂಟಿನಲ್ಲಿ ಅಲ್ಲೊಂದು ಸಣ್ಣ ಬಾಗಿದ ಗೆರೆ ಇದೆ, ನಮ್ಮ ಯಾವ ಪುಸ್ತಕದಲ್ಲೂ ಅದು ಬಂದಿಲ್ಲ. ಮಾಸ್ತರರು ಅದು ವೇದದ ಸ್ವರಚಿಹ್ನೆ ಇರಬೇಕು ಅನ್ನುತ್ತಾರೆ. ಅಕ್ಕ, ಯಾರದೋ ಕೈತಪ್ಪು ಅನ್ನುತ್ತಾರೆ.