ಫೋನನ್ನು ಕಿವಿಗಿಟ್ಟು ನೋಡಿದ ಮೇಲೆ

ತೀರ್ಥಹಳ್ಳಿ ಹತ್ತಿರದ ನಮ್ಮ ಊರಿನಲ್ಲಿ ಚಿಕ್ಕಮ್ಮ ಹೊಸ ಫೋನ್ ತೆಗೆದುಕೊಂಡು ಎರಡು ವಾರ ಆಗಿತ್ತು. ಅವರ ಹತ್ತಿರ ಮಾತಾಡುವಾಗಲೆಲ್ಲ ಮಧ್ಯದಲ್ಲಿ ದನಿಯೇ ನಿಂತುಹೋಗುತ್ತಿತ್ತು. ನಾನು ಈ ಕಡೆಯಿಂದ "ಹಲೋ, ಹಲೋ" ಅಂತ ಕೂಗುವುದು, ಸ್ವಲ್ಪ ಹೊತ್ತಿಗೆ ಲೈನ್ ಕಟ್ ಆಗುವುದು. ಮಳೆಗಾಲ, ನೆಟ್‌ವರ್ಕ್ ಸರಿಯಿಲ್ಲ ಅಂದುಕೊಂಡೆ.

ಊರಿಗೆ ಹೋದಾಗ ಪಕ್ಕದಲ್ಲೇ ಕೂತು ನೋಡಿದೆ. ಚಿಕ್ಕಮ್ಮ ಜಗಲಿಯ ಮಂಚದ ಮೇಲೆ ಒರಗಿಕೊಂಡು ಮಗಳ ಹತ್ತಿರ ಮಾತಾಡುತ್ತಿದ್ದರು. ಫೋನ್ ಕಿವಿಯಲ್ಲಿದ್ದ ಹಾಗೆಯೇ ಸ್ಕ್ರೀನ್ ಹೊತ್ತಿಕೊಂಡಿತು. ಕೆನ್ನೆ ತಾಗಿ ಮ್ಯೂಟ್ ಆಯಿತು. ಅವರಿಗೆ ಗೊತ್ತೇ ಆಗಲಿಲ್ಲ, ಮಾತಾಡುತ್ತಲೇ ಇದ್ದರು. ಆ ಕಡೆ ಮಗಳಿಗೆ ಏನೂ ಕೇಳುತ್ತಿಲ್ಲ. ಒಂದು ನಿಮಿಷದ ಮೇಲೆ ಕೆನ್ನೆ ಇನ್ನೊಂದು ಕಡೆ ತಾಗಿ ಕರೆಯೇ ನಿಂತಿತು.

"ನೀನೇ ಅಲ್ವಾ ಮಾರಾಯ, ಇದು ಒಳ್ಳೇದು ಅಂತ ಬರೆದಿದ್ದು?" ಅಂದರು. ಬೈದದ್ದಲ್ಲ, ನಿಜವಾಗಿಯೂ ಕೇಳಿದ್ದು.

ಹೌದು, ಆ ಫೋನಿನ ವಿಮರ್ಶೆ ನಾನೇ ಬರೆದಿದ್ದೆ. ಒಂಬತ್ತು ದಿನ ಬಳಸಿ ಕ್ಯಾಮೆರಾ, ಬ್ಯಾಟರಿ, ಸ್ಕ್ರೀನು, ವೇಗ ಎಲ್ಲವನ್ನೂ ನೋಡಿ ಬರೆದಿದ್ದೆ. ಆ ಒಂಬತ್ತು ದಿನದಲ್ಲಿ ಅದನ್ನು ಒಂದು ಸಲವೂ ಕಿವಿಗೆ ಇಟ್ಟಿರಲಿಲ್ಲ. ನಾನು ಮಾತಾಡುವುದೆಲ್ಲ ಬ್ಲೂಟೂತ್ ಇಯರ್‌ಬಡ್‌ನಲ್ಲಿ. ಫೋನ್ ಜೇಬಿನಲ್ಲೋ ಮೇಜಿನ ಮೇಲೋ ಇರುತ್ತದೆ. ಫೋನಿನ ಮೊದಲ ಕೆಲಸವನ್ನೇ ಪರೀಕ್ಷೆ ಮಾಡದೆ "ತೆಗೆದುಕೊಳ್ಳಬಹುದು" ಅಂದುಬಿಟ್ಟಿದ್ದೆ. ಆ ಮಾತು ನಂಬಿ ಚಿಕ್ಕಮ್ಮ ಹಾಲು ಮಾರಿದ ದುಡ್ಡು ಕೊಟ್ಟಿದ್ದರು. ಆ ದಿನದಿಂದ ನಾನು ಫೋನ್ ನೋಡುವ ರೀತಿ ಬದಲಾಯಿತು.

ಆಗಿದ್ದೇನು ಅಂತ ಮೊದಲು ಹೇಳುತ್ತೇನೆ. ಹಿಂದಿನ ಫೋನ್‌ಗಳಲ್ಲಿ ಕಿವಿಗೆ ಇಡುವ ಸ್ಪೀಕರ್ ಪಕ್ಕ ಒಂದು ಸಣ್ಣ ಕಪ್ಪು ಚುಕ್ಕೆ ಇರುತ್ತಿತ್ತು. ಅದೇ ಪ್ರಾಕ್ಸಿಮಿಟಿ ಸೆನ್ಸರ್. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಿಡುತ್ತದೆ. ಅದು ಕಿವಿಗೋ ಕೆನ್ನೆಗೋ ಬಡಿದು ವಾಪಸ್ ಬಂದರೆ ಮುಖ ಹತ್ತಿರ ಇದೆ ಅಂತ ಗೊತ್ತಾಗಿ ಸ್ಕ್ರೀನ್ ಆರುತ್ತದೆ. ಸ್ಕ್ರೀನ್ ಅಂಚಿನವರೆಗೂ ಬಂದ ಮೇಲೆ ಆ ಚುಕ್ಕೆಗೆ ಜಾಗ ಸಾಲದಾಯಿತು. 2016ರಲ್ಲಿ ಬಂದ ಶಿಯೋಮಿ ಮಿ ಮಿಕ್ಸ್ ಫೋನಿನಲ್ಲಿ ಬೆಳಕಿನ ಬದಲು ಅಲ್ಟ್ರಾಸೌಂಡ್ ಬಳಸಿದರು. ನಮಗೆ ಕೇಳಿಸದ ಶಬ್ದ ಬಿಟ್ಟು, ಅದರ ಪ್ರತಿಧ್ವನಿಯನ್ನು ಮೈಕ್‌ನಲ್ಲಿ ಹಿಡಿಯುವುದು. ಬಾವಲಿ ಕತ್ತಲಲ್ಲಿ ದಾರಿ ಹುಡುಕುವ ಹಾಗೆ. ಆಮೇಲೆ ಕಡಿಮೆ ಬೆಲೆಯ ಎಷ್ಟೋ ಫೋನ್‌ಗಳಲ್ಲಿ ಚುಕ್ಕೆ ಹೋಗಿ "ವರ್ಚುವಲ್" ಸೆನ್ಸರ್ ಬಂತು. ಈ ಶಬ್ದ, ಫೋನ್ ಎತ್ತಿದ ಅಲುಗಾಟ, ಸ್ಕ್ರೀನ್‌ಗೆ ತಾಗಿದ ಸ್ಪರ್ಶ ಇವುಗಳಿಂದ ಮುಖ ಹತ್ತಿರ ಇದೆಯೋ ಇಲ್ಲವೋ ಅಂತ ಅಂದಾಜು ಮಾಡುವುದು ಅದರ ಕೆಲಸ. ನಿಂತುಕೊಂಡು, ಫೋನ್ ಎತ್ತಿ, ನೆಟ್ಟಗೆ ಕಿವಿಗಿಟ್ಟರೆ ಅಂದಾಜು ಸರಿ ಬರುತ್ತದೆ. ಮಂಚದಲ್ಲಿ ಒರಗಿ, ಎಡಗಿವಿಯಿಂದ ಬಲಗಿವಿಗೆ ಬದಲಿಸುತ್ತ, ಮುಕ್ಕಾಲು ಗಂಟೆ ಮಾತಾಡುವವರ ಹತ್ತಿರ ತಪ್ಪಿಹೋಗುತ್ತದೆ.

ಚಿಕ್ಕಮ್ಮನಿಗೆ ಅವತ್ತು ಒಂದು ಉಪಾಯ ಹೇಳಿಕೊಟ್ಟೆ. ಕರೆ ಸಿಕ್ಕಿದ ಕೂಡಲೇ ಪವರ್ ಬಟನ್ ಒಂದು ಸಲ ಒತ್ತಿ. ಸ್ಕ್ರೀನ್ ಆರುತ್ತದೆ, ಮಾತು ನಿಲ್ಲುವುದಿಲ್ಲ. ಪವರ್ ಬಟನ್‌ನಿಂದ ಕರೆ ಮುಗಿಸುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿ ಆಫ್ ಇರಬೇಕು, ಅಷ್ಟೇ. ಕೆಲಸ ನಡೆಯಿತು. ಆದರೂ ಹೊಸ ಫೋನಿಗೆ ಇಂಥ ಉಪಾಯ ಬೇಕಾಗಬಾರದಿತ್ತು.

ನಾನು ಬರೆಯಲು ಶುರು ಮಾಡಿದ್ದು 2014ರಲ್ಲಿ. ಆ ವರ್ಷ ಫೆಬ್ರವರಿಯಲ್ಲಿ ಮೋಟೊ ಜಿ ಬಂತು, 12,499 ರೂಪಾಯಿ. ಜುಲೈನಲ್ಲಿ ಮಿ 3 ಬಂತು, 13,999. ಎರಡೂ ಸಿಗುತ್ತಿದ್ದದ್ದು ಆನ್‌ಲೈನ್‌ನಲ್ಲಿ ಮಾತ್ರ. ಅಲ್ಲಿಯವರೆಗೆ ನಮ್ಮ ಕಡೆಯವರು ಪೇಟೆಗೆ ಹೋಗಿ, ಅಂಗಡಿಯಲ್ಲಿ ಕೈಯಲ್ಲಿ ಹಿಡಿದು, ತೂಕ ನೋಡಿ ಫೋನ್ ತರುತ್ತಿದ್ದರು. ಈಗ ಮುಟ್ಟದೆ ಕೊಳ್ಳಬೇಕು. ಹಾಗಾಗಿ ಯಾರಾದರೂ ಬಳಸಿದವರು ಹೇಳಬೇಕಿತ್ತು, ಕನ್ನಡದಲ್ಲಿ ಹೇಳಬೇಕಿತ್ತು. ಬೆಂಗಳೂರಿನಲ್ಲಿದ್ದ ನನ್ನನ್ನು ಊರಿನವರು ಕೇಳತೊಡಗಿದರು. ಒಬ್ಬೊಬ್ಬರಿಗೂ ಹೇಳುವ ಬದಲು ಬರೆದೆ.

ಮೊದಲಿನಿಂದಲೂ ನಾನು ಬಿಡದ ಪರೀಕ್ಷೆ ಒಂದಿದೆ. ಕನ್ನಡ ಸರಿಯಾಗಿ ಕಾಣುತ್ತದೆಯೇ? 2010ರ ಸುಮಾರಿಗೆ ಫೋನಿನಲ್ಲಿ ಕನ್ನಡ ಅಂದರೆ ಖಾಲಿ ಚೌಕಗಳ ಸಾಲು. ಒಪೆರಾ ಮಿನಿಯಲ್ಲಿ ವಿಳಾಸದ ಜಾಗಕ್ಕೆ "ಒಪೆರಾ:ಕಾನ್ಫಿಗ್" ಅಂತ ಟೈಪ್ ಮಾಡಿ, ಅಕ್ಷರಗಳನ್ನು ಬಿಟ್‌ಮ್ಯಾಪ್ ಆಗಿ ತೋರಿಸು ಅನ್ನುವ ಆಯ್ಕೆಯನ್ನು ಆನ್ ಮಾಡಿದರೆ ಕನ್ನಡ ಚಿತ್ರದ ರೂಪದಲ್ಲಿ ಬರುತ್ತಿತ್ತು. ಆ ಸಣ್ಣ ಪರದೆಯಲ್ಲಿ ಮೊದಲ ಸಲ ಕನ್ನಡದ ಸುದ್ದಿ ಓದಿದ ಸಂತೋಷ ನನಗೆ ಈಗಲೂ ನೆನಪಿದೆ. ಈಗ ಚೌಕಗಳು ಹೋಗಿವೆ. ತೊಂದರೆ ಪೂರ್ತಿ ಹೋಗಿಲ್ಲ.

ನನ್ನ ಹತ್ತಿರ ನಾಲ್ಕೈದು ಪದ ಬರೆದಿಟ್ಟ ಒಂದು ಮೆಸೇಜ್ ಇದೆ. ಸ್ವಾತಂತ್ರ್ಯ, ರಾಷ್ಟ್ರೀಯ, ಜ್ಯೋತ್ಸ್ನಾ, ರ‍್ಯಾಂಕ್. ಹೊಸ ಫೋನ್ ಬಂದ ಕೂಡಲೇ ಇದನ್ನು ಅದಕ್ಕೆ ಕಳಿಸುತ್ತೇನೆ. ಕನ್ನಡದ ಒತ್ತಕ್ಷರ ಕೆಳಗೆ ಇಳಿಯುತ್ತದೆ. "ಸ್ವಾತಂತ್ರ್ಯ"ದಲ್ಲಿ ತಕಾರಕ್ಕೆ ಎರಡು ಒತ್ತು. ಇಂಗ್ಲಿಷ್ ಅಕ್ಷರದ ಎತ್ತರ ನೋಡಿ ಮಾಡಿದ ಬಟನ್‌ನಲ್ಲಿ, ನೋಟಿಫಿಕೇಶನ್‌ನಲ್ಲಿ ಆ ಒತ್ತುಗಳ ಕಾಲು ಕತ್ತರಿಸಿಹೋಗುತ್ತದೆ. ಅಕ್ಷರದ ಗಾತ್ರವನ್ನು ಅತಿ ದೊಡ್ಡದಕ್ಕೆ ಏರಿಸಿ ಮತ್ತೆ ನೋಡುತ್ತೇನೆ. ಯಾಕೆಂದರೆ ನಮ್ಮ ಹಿರಿಯರು ಇಟ್ಟುಕೊಳ್ಳುವುದೇ ಆ ಗಾತ್ರ. ಇನ್ನು "ರ‍್ಯಾಂಕ್" ಅನ್ನುವುದರಲ್ಲಿ ರಕಾರದ ಕೆಳಗೆ ಯಕಾರ ಬರಬೇಕು. ಅರ್ಕಾವೊತ್ತು ಬಂದರೆ, ಹಾಗಾಗದಿರಲಿ ಅಂತ ಮಧ್ಯದಲ್ಲಿ ಇಟ್ಟಿರುವ ಕಾಣದ ಗುರುತನ್ನು ಫೋನ್ ನುಂಗಿದೆ ಅಂತ ಅರ್ಥ. ಥೀಮ್‌ಗಳ ಜತೆ ಬರುವ ಚಂದದ ಫಾಂಟ್‌ಗಳನ್ನೂ ಒಮ್ಮೆ ಹಾಕಿ ನೋಡುತ್ತೇನೆ. ಬೇರೆ ಭಾಷೆಯ ವಿಮರ್ಶಕರು ಇದನ್ನು ನಮಗೋಸ್ಕರ ನೋಡುವುದಿಲ್ಲ. ನಾವೇ ನೋಡಬೇಕು.

ಬ್ಯಾಟರಿಗೆ ಬರೋಣ. ಮೊದಲು ನಾನೂ ಎಲ್ಲರಂತೆ ಮನೆಯ ವೈಫೈನಲ್ಲಿ ವಿಡಿಯೊ ಓಡಿಸಿ ಗಂಟೆ ಎಣಿಸುತ್ತಿದ್ದೆ. ಅದರಿಂದ ಎರಡು ಫೋನ್‌ಗಳನ್ನು ಹೋಲಿಸಬಹುದು, ನಿಜ. ಆದರೆ ಬೆಂಗಳೂರಿನಲ್ಲಿ ರಾತ್ರಿ ಮಲಗುವಾಗ ಕಾಲು ಭಾಗಕ್ಕಿಂತ ಜಾಸ್ತಿ ಚಾರ್ಜ್ ಉಳಿಸಿಕೊಳ್ಳುತ್ತಿದ್ದ ಅದೇ 5000 ಎಂಎಎಚ್ ಫೋನು, ಊರಿಗೆ ಹೋದರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಚಾರ್ಜರ್ ಹುಡುಕಿಸುತ್ತಿತ್ತು. ಬ್ಯಾಟರಿ ಅದೇ, ಬಳಸುವವನೂ ನಾನೇ. ಟವರ್ ಮಾತ್ರ ದೂರ.

ಸಿಗ್ನಲ್ ಕಡ್ಡಿಗಳನ್ನು ನಂಬಿ ಪ್ರಯೋಜನ ಇಲ್ಲ. ಎಷ್ಟಕ್ಕೆ ಎಷ್ಟು ಕಡ್ಡಿ ಅಂತ ಕಂಪನಿಯವರೇ ಗೊತ್ತು ಮಾಡಿಕೊಳ್ಳುತ್ತಾರೆ. ಆಂಡ್ರಾಯ್ಡ್‌ನ ಸೆಟ್ಟಿಂಗ್ಸ್‌ನಲ್ಲಿ "ಅಬೌಟ್ ಫೋನ್" ಒಳಗೆ ಸಿಮ್ ಸ್ಟೇಟಸ್ ಅಂತ ಇರುತ್ತದೆ. ಅಲ್ಲಿ ಸಿಗ್ನಲ್ ಎಷ್ಟು ಬಲವಾಗಿದೆ ಅಂತ ಡಿಬಿಎಂ ಲೆಕ್ಕದಲ್ಲಿ ಒಂದು ಸಂಖ್ಯೆ ಸಿಗುತ್ತದೆ, ಯಾವಾಗಲೂ ಮೈನಸ್‌ನಲ್ಲಿ. ನನ್ನ ಬೆಂಗಳೂರಿನ ಮನೆಯಲ್ಲಿ ಅದು ಮೈನಸ್ 85ರ ಆಸುಪಾಸು. ಊರಿನ ಜಗಲಿಯಲ್ಲಿ ಮೈನಸ್ 110, ಅಡಿಗೆಮನೆಯಲ್ಲಿ ಇನ್ನೂ ಕೆಳಗೆ. 85 ಮತ್ತು 110 ಅಂದರೆ ಹತ್ತಿರವೇ ಇವೆ ಅನ್ನಿಸುತ್ತದೆ, ಅಲ್ವಾ? ಆದರೆ ಈ ಲೆಕ್ಕದಲ್ಲಿ 10 ಕೆಳಗಿಳಿದರೆ ಸಿಗ್ನಲ್ ಹತ್ತರಲ್ಲಿ ಒಂದು ಪಾಲು. 20 ಇಳಿದರೆ ನೂರರಲ್ಲಿ ಒಂದು. 25 ಇಳಿದಿದೆ. ಟವರ್ ದೂರ ಇದ್ದಷ್ಟೂ ಫೋನ್ ಜೋರಾಗಿ ಕೂಗಬೇಕು. 4ಜಿ ಫೋನ್ ಹೆಚ್ಚೆಂದರೆ ಸುಮಾರು 200 ಮಿಲಿವ್ಯಾಟ್ ಶಕ್ತಿಯಲ್ಲಿ ಸಿಗ್ನಲ್ ಕಳಿಸುತ್ತದೆ. ಟವರ್ ಹತ್ತಿರ ಇದ್ದರೆ ಅಷ್ಟು ಬೇಕಾಗುವುದೇ ಇಲ್ಲ. ನಮ್ಮ ಊರಿನಲ್ಲಿ ದಿನವಿಡೀ ಗಂಟಲು ಹರಿದುಕೊಳ್ಳಬೇಕು. ಬ್ಯಾಟರಿ ಹೋಗುವುದು ಅಲ್ಲಿ.

ಹಾಗಾಗಿ ಈಗ ಪ್ರತಿ ಫೋನೂ ಕಡಿಮೆಯೆಂದರೆ ನಾಲ್ಕು ದಿನ ಊರಿನಲ್ಲಿ ಇರುತ್ತದೆ, ಅದೇ ಸಿಮ್, ಅದೇ ಜಗಲಿ. ಒಂದೇ ಜಾಗದಲ್ಲಿ ಒಂದು ಫೋನ್ ಕರೆ ಹಿಡಿದುಕೊಂಡಿದ್ದು ಇನ್ನೊಂದು ಕೈಬಿಟ್ಟದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಬ್ಯಾಂಡ್ ಯಾವುದು, ಅಂದರೆ ಯಾವ ತರಂಗಗಳಲ್ಲಿ ಸಿಗ್ನಲ್ ಹಿಡಿಯುತ್ತದೆ ಅಂತಲೂ ನೋಡುತ್ತೇನೆ. 2022ರ ಅಕ್ಟೋಬರ್‌ನಲ್ಲಿ 5ಜಿ ಬಂದ ಮೇಲೆ ಎಲ್ಲರೂ ಹೇಳುವುದು 3300 ಮೆಗಾಹರ್ಟ್ಸ್‌ನ ಎನ್78 ಬ್ಯಾಂಡ್ ಬಗ್ಗೆ. ಅದು ವೇಗ ಜಾಸ್ತಿ, ದೂರ ಕಡಿಮೆ. ಮರ, ಗೋಡೆ, ಗುಡ್ಡ ಇರುವ ಕಡೆಗೆ ಬೇಕಾದದ್ದು 700ರ ಎನ್28, 850ರ ಹಳೆಯ 4ಜಿ ಬ್ಯಾಂಡ್ ಇಂಥವು. ನಿಮ್ಮ ಸಿಮ್‌ನವರು ಬಳಸುವ ಬ್ಯಾಂಡು ಫೋನಿನಲ್ಲಿ ಇಲ್ಲದಿದ್ದರೆ ಬಾಕ್ಸ್ ಮೇಲೆ ಎಷ್ಟು ದೊಡ್ಡದಾಗಿ 5ಜಿ ಅಂತ ಬರೆದಿದ್ದರೂ ಸುಮ್ನೆ.

ಫಿಂಗರ್‌ಪ್ರಿಂಟ್ ಸೆನ್ಸರ್‌ನ ಪಾಠ ಕಲಿತದ್ದು ಅಡಿಕೆ ಸುಲಿಯುವ ಅಂಗಳದಲ್ಲಿ. ಕೊಯ್ಲಿನ ದಿನಗಳು. ಸಂಜೆಯಿಂದ ರಾತ್ರಿಯವರೆಗೆ ಮೆಟ್ಟುಗತ್ತಿ ಇಟ್ಟುಕೊಂಡು ಹತ್ತು ಹನ್ನೆರಡು ಜನ ಕೂತಿರುತ್ತಾರೆ. ಹಸಿ ಅಡಿಕೆಯ ಸಿಪ್ಪೆ ತಾಗಿ ಬೆರಳ ತುದಿ ಕಪ್ಪಾಗಿ, ಬಿರಿದು, ಗೆರೆಗಳೇ ಮುಚ್ಚಿಹೋಗಿರುತ್ತವೆ. ಪಕ್ಕದ ಮನೆಯ ಅಕ್ಕನ ಕೈಗೆ ಪರೀಕ್ಷೆಗೆ ಬಂದಿದ್ದ ಫೋನ್ ಕೊಟ್ಟು ಬೆರಳು ಸೇರಿಸಿ ಅಂದೆ. ಸ್ಕ್ರೀನ್ ಒಳಗಿನ ಸೆನ್ಸರ್ ಆರು ಸಲ ಪ್ರಯತ್ನಿಸಿ ಸೋತಿತು. "ರೇಷನ್ ಅಂಗಡೀಲೂ ಹೀಗೇ ತಮ್ಮಾ, ನಮ್ಮ ಹೆಬ್ಬೆಟ್ಟು ತಗೊಳ್ಳಲ್ಲ" ಅಂದರು. ಸ್ಕ್ರೀನ್ ಒಳಗಿನ ಆಪ್ಟಿಕಲ್ ಸೆನ್ಸರ್ ಬೆರಳಿಗೆ ಬೆಳಕು ಬಿಟ್ಟು ಅದರ ಫೋಟೊ ತೆಗೆಯುತ್ತದೆ. ಕಲೆಯಾದ ಬೆರಳಲ್ಲಿ ಅದಕ್ಕೆ ಏನು ಕಾಣಬೇಕು? ನನ್ನ ಹಳೆಯ ಫೋನಿನ ಪಕ್ಕದ ಬಟನ್‌ನಲ್ಲಿದ್ದ ಸೆನ್ಸರ್ ಬೆಳಕನ್ನು ನಂಬುವುದಿಲ್ಲ, ಚರ್ಮದ ಏರುತಗ್ಗನ್ನು ವಿದ್ಯುತ್ತಿನಿಂದ ಅಳೆಯುತ್ತದೆ. ಅದು ಅಕ್ಕನ ಕಿರುಬೆರಳನ್ನು ತೆಗೆದುಕೊಂಡಿತು. ಕಿರುಬೆರಳಿಗೆ ಕಲೆ ಕಡಿಮೆ. ಅಂದಿನಿಂದ ಸೆನ್ಸರ್ ಎಲ್ಲಿದೆ, ಯಾವ ಬಗೆಯದು ಅಂತ ಬರೆಯುವುದರ ಜತೆಗೆ, ಕೈಯಲ್ಲಿ ಕೆಲಸ ಮಾಡುವವರು ಯಾವ ಬೆರಳು ಸೇರಿಸಬೇಕು ಅಂತಲೂ ಬರೆಯುತ್ತೇನೆ.

ಕ್ಯಾಮೆರಾ ಬಗ್ಗೆ ಎಲ್ಲರೂ ಬರೆಯುತ್ತಾರೆ, ಹಾಗಾಗಿ ನಾನು ಎರಡೇ ಮಾತು ಹೇಳುತ್ತೇನೆ. 50 ಮೆಗಾಪಿಕ್ಸೆಲ್ ಅಂದರೂ ಹೆಚ್ಚಿನ ಫೋನ್‌ಗಳು ನಾಲ್ಕು ಪಿಕ್ಸೆಲ್ ಸೇರಿಸಿ ಒಂದು ಮಾಡಿ 12.5 ಮೆಗಾಪಿಕ್ಸೆಲ್ ಫೋಟೊ ಕೊಡುತ್ತವೆ. ಕತ್ತಲಲ್ಲಿ ಅದರಿಂದ ಒಳ್ಳೆಯದೇ ಆಗುತ್ತದೆ. ನನಗೆ ಸಿಟ್ಟು ಬರುವುದು ಮುಖದ ಮೇಲಿನ ಬ್ಯೂಟಿ ಫಿಲ್ಟರ್ ಕಂಡಾಗ. ಎಷ್ಟೋ ಫೋನ್‌ಗಳಲ್ಲಿ ಅದು ಬಾಕ್ಸ್‌ನಿಂದ ತೆಗೆದಾಗಲೇ ಆನ್ ಆಗಿರುತ್ತದೆ. ಬಿಸಿಲಲ್ಲಿ ದುಡಿದ ಕಪ್ಪು ಮುಖಗಳನ್ನು ಕೇಳದೆ ಬೆಳ್ಳಗೆ ಮಾಡುತ್ತದೆ, ಸುಕ್ಕು ಅಳಿಸುತ್ತದೆ. ನಮ್ಮ ಅಜ್ಜನ ಕೊನೆಯ ಫೋಟೊ ಹಾಗೆ ತೆಗೆದದ್ದು ನನ್ನ ಹತ್ತಿರ ಇದೆ. ಅದರಲ್ಲಿ ಅಜ್ಜನ ಹಣೆಯ ಗೆರೆಗಳಿಲ್ಲ. ಹೊಸ ಫೋನ್ ಬಂದರೆ ಮೊದಲು ಆ ಫಿಲ್ಟರ್ ಆಫ್ ಮಾಡಿ, ದಯವಿಟ್ಟು.

ವೇಗ ನೋಡುವ ಮೊದಲು ಫೋನಿನ ಜಾಗವನ್ನು ಮುಕ್ಕಾಲು ಭಾಗಕ್ಕಿಂತ ಜಾಸ್ತಿ ತುಂಬಿಸುತ್ತೇನೆ. ಖಾಲಿ ಫೋನ್ ಯಾವುದಾದರೂ ಓಡುತ್ತದೆ. ಕಡಿಮೆ ಬೆಲೆಯವುಗಳಲ್ಲಿ ಸ್ಟೋರೇಜ್ ಚಿಪ್ ಯಾವ ಬಗೆಯದು, ಇಎಂಎಂಸಿಯೋ ಯುಎಫ್ಎಸ್ಸೋ ಅಂತ ನೋಡಲೇಬೇಕು. ಇಎಂಎಂಸಿ ಒಂದು ಹೊತ್ತಿಗೆ ಓದುತ್ತದೆ, ಇಲ್ಲವೇ ಬರೆಯುತ್ತದೆ. ಯುಎಫ್ಎಸ್ ಎರಡನ್ನೂ ಒಟ್ಟಿಗೆ ಮಾಡುತ್ತದೆ. ವಾಟ್ಸಾಪ್‌ನಲ್ಲಿ ಮದುವೆಯ ವಿಡಿಯೊಗಳು ಇಳಿಯುತ್ತಿರುವಾಗಲೇ ಅಂಗಡಿಯಲ್ಲಿ ದುಡ್ಡು ಕೊಡಲು ಸ್ಕ್ಯಾನರ್ ತೆರೆಯಬೇಕಾದಾಗ ವ್ಯತ್ಯಾಸ ಗೊತ್ತಾಗುತ್ತದೆ. ಹಿಂದೆ ನಾಲ್ಕು ಜನ ನಿಂತಿರುತ್ತಾರೆ, ಕ್ಯಾಮೆರಾ ಕಪ್ಪಗೇ ಇರುತ್ತದೆ.

ಟ್ಯಾಬ್ಲೆಟ್ ಕೇಳುವವರಿಗೆ ನಾನು ಕೇಳುವುದು ಒಂದೇ ಪ್ರಶ್ನೆ. ಸಿಮ್ ಹಾಕುವುದು ಬೇಕೋ ಬೇಡವೋ? ವೈಫೈ ಮಾತ್ರ ಇರುವುದರಲ್ಲಿ ಒಟಿಪಿ ಮೆಸೇಜ್ ಬರುವುದಿಲ್ಲ, ಎಷ್ಟೋ ಮಾದರಿಗಳಲ್ಲಿ ಜಿಪಿಎಸ್ ಕೂಡ ಇರುವುದಿಲ್ಲ. ಮಕ್ಕಳ ಪಾಠಕ್ಕೆ ಸಾಕು. ರೈತರ ಬೆಳೆ ಸಮೀಕ್ಷೆ ಆ್ಯಪ್ ಹಾಕಿಕೊಂಡು ತೋಟದಲ್ಲಿ ನಿಂತು ಫೋಟೊ ತೆಗೆಯಬೇಕು ಅನ್ನುವವರಿಗೆ ಸಾಲದು.

ಇಷ್ಟೆಲ್ಲ ಮಾಡಲು ಒಂದು ಫೋನಿಗೆ ಮೂರು ವಾರ ಬೇಕು. ಬಿಡುಗಡೆಯ ದಿನವೇ ಬರೆಯುವವರ ಮುಂದೆ ನಾನು ತಡವಾಗಿ ಬರುತ್ತೇನೆ, ಓದುವವರು ಕಡಿಮೆಯಾಗುತ್ತಾರೆ. ಆಗಲಿ. ಕಂಪನಿ ಕಳಿಸಿದ್ದೋ, ನಾನೇ ಕೊಂಡದ್ದೋ ಅಂತ ಬರೆಯುತ್ತೇನೆ. ಎಷ್ಟು ದಿನ ಬಳಸಿದೆ, ಯಾವುದನ್ನು ನೋಡಲು ಆಗಲಿಲ್ಲ ಅನ್ನುವುದನ್ನೂ ಬರೆಯುತ್ತೇನೆ. ಚಿಕ್ಕಮ್ಮನ ಫೋನಿನ ವಿಮರ್ಶೆಯನ್ನು ಅಳಿಸಲಿಲ್ಲ. ಅದರ ತಲೆಯಲ್ಲೇ ಆದ ತಪ್ಪನ್ನು ಸೇರಿಸಿದೆ.

ಮೊನ್ನೆ ಬಂದ ಫೋನನ್ನು ಊರಿಗೆ ತೆಗೆದುಕೊಂಡು ಹೋಗಿ ಚಿಕ್ಕಮ್ಮನಿಗೆ ಕೊಟ್ಟೆ. ಸಿಮ್ ಹಾಕಿಕೊಂಡು, ಮಂಚದಲ್ಲಿ ಒರಗಿ, ಮಗಳಿಗೆ ಫೋನ್ ಮಾಡಿದರು. ನಾನು ಸುಮ್ಮನೆ ಎದುರು ಕೂತು ಸ್ಕ್ರೀನ್ ನೋಡುತ್ತಿದ್ದೆ. ಕಿವಿ ಬದಲಿಸಿದರು, ಮಗ್ಗುಲು ಬದಲಿಸಿದರು, ಮಧ್ಯದಲ್ಲಿ ಎದ್ದು ಹೋಗಿ ಒಲೆಯ ಹಾಲು ನೋಡಿ ಬಂದರು. 42 ನಿಮಿಷ. ಸ್ಕ್ರೀನ್ ಒಮ್ಮೆಯೂ ಹೊತ್ತಿಕೊಳ್ಳಲಿಲ್ಲ. ವಿಮರ್ಶೆಯ ಮೊದಲ ಸಾಲು ಅದೇ.