ಬಾಣಂತಿ, ಮದ್ಯ, ಎದೆಹಾಲು: ಗಂಟೆಯ ಲೆಕ್ಕ ಇಡುವ ಬಗೆ

ಕೊಡಗಿನ ಕಕ್ಕಡ ತಿಂಗಳ (ಆಟಿಯ) ಮಳೆಯಲ್ಲಿ ಬಾಣಂತಿಯ ಮೈ ಬೆಚ್ಚಗಿರಲೆಂದು ಬಿಸಿನೀರಿಗೆ ಎರಡು ಚಮಚ ಬ್ರಾಂದಿ ಬೆರೆಸಿ ಕೊಡುವ ಹಿರಿಯರು ಇಂದಿಗೂ ಇದ್ದಾರೆ. ಅವರ ಅಕ್ಕರೆಯ ಬಗ್ಗೆ ನನಗೆ ಸಂದೇಹವಿಲ್ಲ. ಆದರೆ ಮದ್ಯದಿಂದ ಮೈ ಬಿಸಿಯಾದಂತೆ ಅನಿಸುತ್ತದೆಯಷ್ಟೇ, ಒಳಗಿನ ಶಾಖ ಹೊರಹೋಗುತ್ತದೆ. ಹಾಲು ಹೆಚ್ಚುತ್ತದೆ ಎಂಬುದೂ ನಿಜವಲ್ಲ. ಹಾಲು ಇಳಿಯಲು ಬೇಕಾದ ಆಕ್ಸಿಟೋಸಿನ್ ಹಾರ್ಮೋನನ್ನು ಮದ್ಯವು ತಗ್ಗಿಸುವುದರಿಂದ ಮುಂದಿನ ಮೂರು–ನಾಲ್ಕು ಗಂಟೆ ಮಗುವಿಗೆ ಸಿಗುವ ಹಾಲು ಕಡಿಮೆಯೇ ಆಗುತ್ತದೆ.

ಹಾಲೂಡಿಸುವಷ್ಟು ಕಾಲ ಮದ್ಯವನ್ನು ಮುಟ್ಟದಿರುವುದೇ ಎಲ್ಲಕ್ಕಿಂತ ಕ್ಷೇಮ. ಎಳೆಗೂಸಿನ ಯಕೃತ್ತು ಇನ್ನೂ ಬಲಿತಿರುವುದಿಲ್ಲವಾದ್ದರಿಂದ ಮೊದಲ ಮೂರು ತಿಂಗಳಂತೂ ಬೇಡವೇ ಬೇಡ.

ಆಮೇಲೆ ಸುಗ್ಗಿಹಬ್ಬವಾದ ಪುತ್ತರಿಯ ರಾತ್ರಿಯಲ್ಲೋ ಮದುವೆಮನೆಯಲ್ಲೋ ಅಪರೂಪಕ್ಕೆ ಕುಡಿಯುವುದಾದರೆ ಅಳತೆಯನ್ನು ಮೊದಲೇ ನಿಶ್ಚಯಿಸಿಕೊಳ್ಳಿ. 30 ಮಿಲಿ ರಮ್ ಅಥವಾ ಬ್ರಾಂದಿಯಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್ ಇರುತ್ತದೆ; 650 ಮಿಲಿಯ ಒಂದು ಸ್ಟ್ರಾಂಗ್ ಬಿಯರ್ ಬಾಟಲಿಯಲ್ಲಿ, ಅದು ಶೇಕಡಾ 8ರದ್ದಾದರೆ, ಅದರ ನಾಲ್ಕರಷ್ಟು. ಮನೆಯಲ್ಲೇ ಮಾಡಿದ ವೈನಿನ ತೀಕ್ಷ್ಣತೆ ಯಾರಿಗೂ ಗೊತ್ತಿರುವುದಿಲ್ಲವಾದ್ದರಿಂದ ಅದು ಲೆಕ್ಕಕ್ಕೇ ಸಿಗದು. ನೆಂಟರು ಅಂದಾಜಿನಲ್ಲಿ ಸುರಿದುಕೊಡುವ ಲೋಟವೂ ಹಾಗೆಯೇ, ಅಳೆದು ಹಾಕಿಸಿಕೊಳ್ಳಿ.

ಮಗುವಿಗೆ ಹೊಟ್ಟೆ ತುಂಬ ಹಾಲೂಡಿಸಿ, ಊಟ ಮಾಡಿ, ಅನಂತರವೇ ಲೋಟ ಹಿಡಿಯಿರಿ. ಕುಡಿದ ಅರ್ಧ ಗಂಟೆಯಿಂದ ಒಂದೂವರೆ ಗಂಟೆಯೊಳಗೆ ಹಾಲಿನಲ್ಲಿ ಮದ್ಯದ ಅಂಶ ಅತಿ ಹೆಚ್ಚಾಗಿರುತ್ತದೆ. 30 ಮಿಲಿಗೆ ಎರಡರಿಂದ ಮೂರು ಗಂಟೆ, 60 ಮಿಲಿಗೆ ನಾಲ್ಕರಿಂದ ಐದು ಗಂಟೆ ಕಾಯಬೇಕು. ಸಂಜೆ ಏಳಕ್ಕೆ 30 ಮಿಲಿ ಕುಡಿದರೆ ಹತ್ತಕ್ಕೆ ಎದೆಗೆ ಹಾಕಿಕೊಳ್ಳಬಹುದು. ನಡುವೆ ಮಗು ಹಸಿದರೆ, ನೀರಿನಲ್ಲಿ ಕುದಿಸಿ ತೊಳೆದ ಒಳಲೆಯಲ್ಲಿ (ಎಳೆಗೂಸಿಗೆ ಹಾಲು ಕುಡಿಸುವ ಪುಟ್ಟ ಬಟ್ಟಲಿನಲ್ಲಿ), ಮದ್ಯ ಕುಡಿಯುವ ಮೊದಲೇ ಹಿಂಡಿಟ್ಟ ಹಾಲನ್ನು ಹನಿಹನಿಯಾಗಿ ಕುಡಿಸಿ. ಆ ಹಾಲು ಹೊರಗೆ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ನಾಲ್ಕು ದಿನ ಕೆಡುವುದಿಲ್ಲ.

ಹಿಂಡಿ ಚೆಲ್ಲಿದರೆ ಹಾಲು ಶುದ್ಧವಾಗುತ್ತದೆ ಎಂದು ಹಲವರು ನಂಬಿದ್ದಾರೆ. ರಕ್ತದಲ್ಲಿ ಮದ್ಯವಿರುವಷ್ಟು ಹೊತ್ತು ಹೊಸದಾಗಿ ಇಳಿಯುವ ಹಾಲಿನಲ್ಲೂ ಅದು ಇರುತ್ತದೆ; ರಕ್ತ ತಿಳಿಯಾದಂತೆ ಹಾಲೂ ತಾನಾಗಿ ತಿಳಿಯಾಗುತ್ತದೆ. ಕಾಫಿಯಾಗಲಿ ತಣ್ಣೀರ ಸ್ನಾನವಾಗಲಿ ಇದನ್ನು ಬೇಗ ಮುಗಿಸದು. ಎದೆ ಬಿಗಿದು ನೋವಾದರೆ ಮಾತ್ರ ಹಿಂಡಿ ಚೆಲ್ಲಿ.

ಕುಡಿದ ರಾತ್ರಿ ತಾಯಿಯಾಗಲಿ ತಂದೆಯಾಗಲಿ ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಳ್ಳಲೇಬಾರದು. ಕಂಬಳಿಯಡಿ ಮಗುವಿನ ಉಸಿರು ಕಟ್ಟಿದರೂ ಎಚ್ಚರವಾಗದಷ್ಟು ಗಾಢ ನಿದ್ದೆ ಬಂದಿರುತ್ತದೆ. ಕುಡಿಯದ ಅಜ್ಜಿಯೋ ಚಿಕ್ಕಮ್ಮನೋ ಆ ರಾತ್ರಿ ಮಗುವನ್ನು ನೋಡಿಕೊಳ್ಳಲಿ.

ಬಾಣಂತಿಗೆ ಕೊಡುವ ದಶಮೂಲಾರಿಷ್ಟದಲ್ಲಿಯೂ ಹುದುಗಿನಿಂದ ಹುಟ್ಟಿದ ಆಲ್ಕೋಹಾಲ್ ಇರುತ್ತದೆ. ಬಾಟಲಿಯ ಚೀಟಿ ಓದಿ, ವೈದ್ಯರನ್ನು ಕೇಳಿಯೇ ಕುಡಿಯಿರಿ. ಮಗು ಎಂದಿಗಿಂತ ಹೆಚ್ಚು ಮಂಕಾಗಿ ಮಲಗಿ, ಎಬ್ಬಿಸಿದರೂ ಹಾಲು ಚೀಪದಿದ್ದರೆ, ಮನೆ ತೋಟದ ನಡುವೆ ಎಷ್ಟೇ ಒಳಗಿದ್ದರೂ ಬೆಳಗಾಗಲೆಂದು ಕಾಯದೆ ಕೂಡಲೇ ಆಸ್ಪತ್ರೆಗೆ ಹೊರಡಿ. ತಾಯಿ ಏನು, ಎಷ್ಟು, ಯಾವಾಗ ಕುಡಿದಳೆಂಬುದನ್ನು ವೈದ್ಯರಿಂದ ಮುಚ್ಚಿಡಬೇಡಿ.