ಬಲೆಗೆ ಸಿಕ್ಕ ಹಾವಕ್ಕಿಯನ್ನು ಬಿಡಿಸುವುದು

ಮೈಸೂರಿನ ಆಸುಪಾಸಿನ ಕೆರೆಗಳಲ್ಲಿ ಬಲೆಗೆ ಸಿಕ್ಕ ಹಕ್ಕಿಗಳನ್ನು ಬಿಡಿಸಲು ಹೊರಟ ನಾನು ಮೊದಲು ಕೈಗೆತ್ತಿಕೊಂಡ ನೀರುಕಾಗೆಯನ್ನು ಉಳಿಸಲಿಲ್ಲ, ಕೊಂದೆ. ಕಚ್ಚುತ್ತಿದ್ದ ಅದರ ಕೊಕ್ಕಿಗೆ ರಬ್ಬರ್ ಬ್ಯಾಂಡ್ ಸುತ್ತಿ, ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಸ್ಕೂಟರಿನಲ್ಲಿ ಮನೆಗೆ ತರುವಷ್ಟರಲ್ಲಿ ಅದು ಸತ್ತಿತ್ತು. ಬೆಳೆದ ನೀರುಕಾಗೆ ಮತ್ತು ಅದರ ಸಂಬಂಧಿಯಾದ, ಹಾವಿನಂಥ ಉದ್ದ ಕತ್ತಿನ ಹಾವಕ್ಕಿಗಳ (ಡಾರ್ಟರ್) ಮೂಗಿನ ಹೊಳ್ಳೆಗಳು ಹೊರಗಿನಿಂದ ಮುಚ್ಚಿಹೋಗಿರುತ್ತವೆ, ಅವು ಬಾಯಿಯಿಂದಲೇ ಉಸಿರಾಡುತ್ತವೆ ಎಂಬುದು ನನಗೆ ತಿಳಿದದ್ದು ಆಮೇಲೆ.

ಬಲೆಯ ಅಪಾಯ ಹೆಚ್ಚಾಗಿ ಹಾವಕ್ಕಿಗೇ. ನೀರಿನೊಳಗೆ ಗೋಡೆಯಂತೆ ಇಳಿಬಿಟ್ಟ ತೆಳು ನೈಲಾನ್ ಬಲೆ ಅದಕ್ಕೆ ಕಾಣಿಸುವುದಿಲ್ಲ, ಬಲೆಯಲ್ಲಿ ಒದ್ದಾಡುವ ಜಿಲೇಬಿ ಮೀನು ಮಾತ್ರ ಕಾಣಿಸುತ್ತದೆ. ಮಡಿಸಿದ ಕತ್ತನ್ನು ಈಟಿಯಂತೆ ಚಿಮ್ಮಿಸಿ ಮೀನನ್ನು ತಿವಿಯುವ ಹಕ್ಕಿ ಅದು. ಬಲೆಯ ಕಣ್ಣಿಯೊಳಗೆ ನುಗ್ಗಿದ ತಲೆಯನ್ನು ಹಿಂದೆಳೆದರೆ ಕೊಕ್ಕಿನ ಅಂಚಿನ ಗರಗಸದಂಥ ಹಲ್ಲುಗಳಿಗೆ ದಾರ ಸಿಕ್ಕಿಕೊಳ್ಳುತ್ತದೆ, ಒದ್ದಾಡಿದಷ್ಟೂ ರೆಕ್ಕೆಗಳಿಗೂ ಸುತ್ತಿಕೊಳ್ಳುತ್ತದೆ. ಆಳದಲ್ಲಿ ಸಿಕ್ಕಿದ್ದು ಬದುಕುವುದಿಲ್ಲ. ನನಗೆ ಜೀವಂತವಾಗಿ ಸಿಕ್ಕವೆಲ್ಲ ದಡದ ಹತ್ತಿರ, ತಲೆ ನೀರಿನ ಮೇಲೆ ಎತ್ತಲು ಸಾಧ್ಯವಾಗಿದ್ದಂಥವು.

ಈಗ ನಾನು ಕನ್ನಡಕ ಹಾಕದೆ ಹಾವಕ್ಕಿಯ ಹತ್ತಿರ ಹೋಗುವುದಿಲ್ಲ, ಏಕೆಂದರೆ ಅದು ನೇರವಾಗಿ ಕಣ್ಣಿಗೇ ಗುರಿಯಿಡುತ್ತದೆ. ದಪ್ಪ ಟವೆಲ್ಲಿನಲ್ಲಿ ಮೈಯನ್ನು ಸುತ್ತಿ, ಎಡಗೈಯಿಂದ ದವಡೆಯ ಹಿಂದೆ ತಲೆಯನ್ನು ಹಿಡಿದು, ಕೊಕ್ಕನ್ನು ಬಿಗಿಯದೆ ಬಿಡುತ್ತೇನೆ. ದಾರವನ್ನು ಎಳೆಯದೆ, ಮೊಂಡುತುದಿಯ ಸಣ್ಣ ಕತ್ತರಿಯಿಂದ ಮೊದಲು ಕತ್ತಿನ ಸುತ್ತ, ಅನಂತರ ರೆಕ್ಕೆಯ ಬುಡದಲ್ಲಿ ಒಂದೊಂದೇ ಎಳೆಯನ್ನು ಕತ್ತರಿಸುತ್ತೇನೆ. ಗರಿಗಳ ಅಡಿಯಲ್ಲಿ ಒಂದು ಎಳೆ ಉಳಿದರೂ ಅದು ಮಾಂಸದೊಳಕ್ಕೆ ಇಳಿಯುತ್ತದೆ.

ಬಿಡಿಸಿದ ಕೂಡಲೇ ನೀರಿಗೆ ಬಿಡುವುದು ಇನ್ನೊಂದು ತಪ್ಪು. ಹಾವಕ್ಕಿಯ ಗರಿಗಳು ಬಾತಿನ ಗರಿಗಳಂತೆ ನೀರನ್ನು ತಡೆಯುವುದಿಲ್ಲ, ಚೆನ್ನಾಗಿ ನೆನೆಯುತ್ತವೆ. ಮುಳುಗಲು ಅದೇ ಅನುಕೂಲ, ಆದರೆ ದಣಿದ ಹಕ್ಕಿಯ ಮೈ ಬೇಗ ತಣ್ಣಗಾಗುತ್ತದೆ. ಆದ್ದರಿಂದ ಅದನ್ನು ಕತ್ತಲೆಯ, ಗಾಳಿಯಾಡುವ ಪೆಟ್ಟಿಗೆಯಲ್ಲಿಟ್ಟು, ಅರಣ್ಯ ಇಲಾಖೆಗೆ ತಿಳಿಸಿ, ಪಶುವೈದ್ಯರಿಗೆ ತೋರಿಸುತ್ತೇನೆ.

ಕತ್ತರಿಸಿದ ಬಲೆಯ ಬೆಲೆಯನ್ನು ಆ ಮೀನುಗಾರರಿಗೆ ಅಲ್ಲೇ ಕೊಡುತ್ತೇನೆ. ಬಲೆಗೆ ಸಾಲ ಮಾಡಿದವರ ಮುಂದೆ ಹಕ್ಕಿಯ ಕಷ್ಟವನ್ನಷ್ಟೇ ಹೇಳುತ್ತಾ ನಿಲ್ಲುವುದು ನನ್ನಿಂದಾಗದು. ಈಗ ಅವರಲ್ಲಿ ಕೆಲವರು ಹಕ್ಕಿ ಸಿಕ್ಕಿದರೆ ಬಲೆಯನ್ನು ಎಳೆಯದೆ ಫೋನ್ ಮಾಡುತ್ತಾರೆ.